ರಾಚವ್ವನ ಹೊಸ ಭಾಂಡೆ

ಪಕ್ಕದ ಮನೆಯ ರಾಚವ್ವ ನಾಲ್ಕಾರು ಸ್ಟೀಲ್ ಪಾತ್ರೆಗಾಗಿ ಅರ್ಧ ಆಯುಷ್ಯ ಕಾದಳು ಎಂದರೆ ಯಾರೂ ನಂಬುವುದಿಲ್ಲ. ನಾನು ನಂಬುತ್ತೇನೆ. ಅವಳ ಅಡುಗೆಮನೆ ನನಗೆ ನನ್ನದಕ್ಕಿಂತ ಚೆನ್ನಾಗಿ ಗೊತ್ತು.

ಅವಳು ತೊರವಿಯವಳು. ಜಲನಗರದ ಶಾಲೆಯೊಂದರಲ್ಲಿ ಜವಾನನಾಗಿರುವ ಸಿದ್ದರಾಯನಿಗೆ ಎರಡನೆಯ ಹೆಂಡತಿಯಾಗಿ ಬಂದಳು. ಮೊದಲನೆಯವಳು ತಿಕೋಟಾದ ಕಸ್ತೂರಿ. ಅಂಬೆಗಾಲಿಡುವ ಮಗಳು ಅನುರಾಧಾಳನ್ನು ಬಿಟ್ಟು ತೀರಿಕೊಂಡಿದ್ದಳು. ರಾಚವ್ವನದು ಗುಡಿಯಲ್ಲಿ ಎರಡು ಹಾರ ಬದಲಾಯಿಸಿ ಮುಗಿಸಿದ ಮದುವೆ. ತವರಿನಿಂದ ಅವಳ ಜೊತೆ ಒಂದು ಸೌಟೂ ಬರಲಿಲ್ಲ. ಬೇಕಾಗಿಯೂ ಇರಲಿಲ್ಲ, ಮನೆ ತುಂಬ ಕಸ್ತೂರಿಯ ತವರಿನವರು ಕೊಟ್ಟ ಭಾಂಡೆಗಳಿದ್ದವು.

ನಮ್ಮ ಕಡೆ ಹೆಸರು ಕೊರೆಸದೆ ಯಾರೂ ಪಾತ್ರೆಯನ್ನು ಮನೆಗೆ ತರುವುದಿಲ್ಲ. ಬೋಗುಣಿ, ತಾಟು, ಮುಚ್ಚಳ, ಎಲ್ಲದರ ಮೇಲೂ ‘ಕಸ್ತೂರಿ’. ರಾಚವ್ವ ಅದರಲ್ಲೇ ಬೇಳೆ ಕುದಿಸಿದಳು, ಅದರಲ್ಲೇ ಉಂಡಳು. ಬಂದ ನೆಂಟರು ನೀರು ಕುಡಿದು, ತಂಬಿಗೆ ತಿರುಗಿಸಿ ಹೆಸರು ಓದಿ, “ಪಾಪ, ಬಂಗಾರದಂಥಾಕಿ ಇದ್ಲು” ಎಂದು ನಿಟ್ಟುಸಿರು ಬಿಟ್ಟು ಅದೇ ತಂಬಿಗೆಯನ್ನು ಇವಳ ಕೈಗೆ ಕೊಡುತ್ತಿದ್ದರು. ಬಂಗಾರದಂಥವಳ ಮಗಳ ಮೂಗು ಒರೆಸಿದವಳು ಯಾರು ಎಂದು ನಾನು ಅವರನ್ನು ಮುಖಕ್ಕೇ ಕೇಳಿದ್ದೂ ಉಂಟು. ರಾಚವ್ವನೇ ನನ್ನ ಸೆರಗು ಜಗ್ಗಿ ಸುಮ್ಮನಾಗಿಸಿದಳು.

ಕಳೆದ ವರ್ಷ ಅನುರಾಧಾಳನ್ನು ಬಬಲೇಶ್ವರಕ್ಕೆ ಮದುವೆ ಮಾಡಿಕೊಟ್ಟರು. ತಾಯಿಯ ಭಾಂಡೆ ಮಗಳ ಜೊತೆ ಹೋಗುವುದೇ ನ್ಯಾಯ. ಒಂದೊಂದನ್ನೂ ರಾಚವ್ವ ತಾನೇ ತಿಕ್ಕಿ, ಹಳೆಯ ಸೀರೆಯಲ್ಲಿ ಸುತ್ತಿ ಕಟ್ಟಿದಳು. ಅತ್ತಳು ಕೂಡ. ಮಗಳು ಹೋದ ಮೇಲೆ ಖಾಲಿ ಹಲಗೆಗಳನ್ನು ನೋಡಿ ನನ್ನ ಕಿವಿಯಲ್ಲಿ ಹೇಳಿದಳು:

“ಅಕ್ಕಾ, ಈ ಸಲ ನನ್ನ ಹೆಸರಿನವು ಬರ್ತಾವ.”

ಈ ಮಾತನ್ನು ಗಂಡನಿಗೆ ಹೇಳಲು ಅವಳಿಗೆ ನಾಚಿಕೆ. ಕೂದಲು ಬೆಳ್ಳಗಾದ ಹೆಂಗಸಿಗೆ ಅದೆಂಥ ನಾಚಿಕೆಯೋ!

ಸಿದ್ಧೇಶ್ವರ ಗುಡಿಯ ಹತ್ತಿರದ ಭಾಂಡೆ ಅಂಗಡಿಗೆ ಗಂಡ, ಹೆಂಡತಿ, ನಾನು ಮೂವರೂ ಹೋದೆವು. ಅಂಗಡಿಯವನು ಮೊದಲು ಬಣ್ಣದ ಡಬ್ಬಿಯ ದೊಡ್ಡ ಸೆಟ್ ತೆಗೆದ. ಪಾತ್ರೆ ಬಹಳ, ದರ ಕಡಿಮೆ. ಆದರೆ ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವಷ್ಟು ತೆಳು.

“ಇದರಾಗ ಬ್ಯಾಳಿ ಇಟ್ರ ತಳ ಹಿಡೀತೈತಿ,” ಎಂದು ರಾಚವ್ವ ಪಕ್ಕಕ್ಕೆ ತಳ್ಳಿದಳು. “ದಪ್ಪ ತಳದ್ದು ತೋರಸ್ರಿ.”

ದಪ್ಪ ತಳದ ಇಡೀ ಸೆಟ್ಟು ಅವರಿಗೆ ಎಟುಕುವಂತಿರಲಿಲ್ಲ. ಕೊನೆಗೆ ಸೆಟ್ಟಿನ ಆಸೆ ಬಿಟ್ಟು ಬಿಡಿಬಿಡಿಯಾಗಿ ಆರಿಸಿದಳು. ದಿನವೂ ಒಲೆಯ ಮೇಲೆ ಕೂರುವ ಬೋಗುಣಿ, ಕಡಾಯಿ ಮಾತ್ರ ದಪ್ಪ ತಳದವು. ಹಿಟ್ಟು ನಾದುವ ಪರಾತ, ತಾಟು, ತಂಬಿಗೆ ತೂಕದ ಮೇಲೆ ಮಾರುವ ಸಾದಾ ಸ್ಟೀಲಿನವು. ಬೆಂಕಿಯನ್ನೇ ಕಾಣದವಕ್ಕೆ ದಪ್ಪ ತಳ ಯಾಕೆ? ಹಿಡಿಕೆ ಅಲುಗಾಡುತ್ತದೆಯೇ, ಅಂಚು ಕೈ ಕೊಯ್ಯುತ್ತದೆಯೇ, ಮುಚ್ಚಳ ಸರಿಯಾಗಿ ಕೂರುತ್ತದೆಯೇ ಎಂದು ಒಂದೊಂದನ್ನೂ ತಿರುಗಿಸಿ ನೋಡಿದಳು. ಹೆಣ್ಣು ನೋಡಲು ಬಂದವರೂ ಇಷ್ಟು ನೋಡುವುದಿಲ್ಲ ಎಂದು ನಾನು ಛೇಡಿಸಿದೆ. ಸೆರಗು ಬಾಯಿಗೆ ಹಿಡಿದು ನಕ್ಕಳು. ಅಷ್ಟೊಂದು ಸಂತೋಷವನ್ನು ನಾನು ಆ ಮುಖದಲ್ಲಿ ಎಂದೂ ಕಂಡಿರಲಿಲ್ಲ.

“ಹೆಸರು ಹಾಕಿಸ್ಕೊಂಡ ಬರ್ತೀನಿ,” ಎಂದು ಸಿದ್ದರಾಯನೇ ಬೋಗುಣಿ, ಕಡಾಯಿ ಎತ್ತಿಕೊಂಡು ಹೊರಕಟ್ಟೆಗೆ ಹೋದ. ಅಲ್ಲಿ ಜುಬೇರ ಎನ್ನುವವನು ಹೆಸರು ಕೊರೆಯುವ ಮಷಿನ್ ಇಟ್ಟುಕೊಂಡು ಕೂರುತ್ತಾನೆ. ಗಂಡ ತಾನಾಗಿಯೇ ಹೊರಟನಲ್ಲ ಎಂದು ರಾಚವ್ವ ನನ್ನ ಕೈ ಒತ್ತಿದಳು. ಮಷಿನ್ ಗುರ್ರೆನ್ನುವುದನ್ನು ಕೇಳುತ್ತ ಕೂತೆವು.

ಸ್ವಲ್ಪ ಹೊತ್ತಿಗೆ ಜುಬೇರ ಬೋಗುಣಿ ಒರೆಸುತ್ತ ಒಳಗೆ ಬಂದ. “ನೋಡ್ರಿ ಅಕ್ಕಾರ, ಅಕ್ಷರ ಹೆಂಗ ಬಂದಾವ. ಕಸ್ತೂರಕ್ಕಾರು ನೀವಽ ಹೌದಲ್ರಿ?”

ರಾಚವ್ವ ಬೋಗುಣಿ ಇಸಿದುಕೊಂಡು ಓದಿದಳು. ನಾಲ್ಕನೆಯ ಇಯತ್ತೆವರೆಗೆ ಶಾಲೆ ಕಲಿತವಳು. ಓದಲು ಬಾರದಿದ್ದರೇ ಚೆನ್ನಾಗಿತ್ತು ಎನಿಸಿತು ನನಗೆ. ಹಿಂದೆಯೇ ಬಂದ ಸಿದ್ದರಾಯನಿಗೆ ಅವಳ ಮುಖ ನೋಡಿದ ಮೇಲೆ ತಾನೇನು ಮಾಡಿದ್ದೇನೆಂದು ಹೊಳೆಯಿತು.

“ಮನಿಯಾಕಿ ಹೆಸರೇನು ಅಂತ ಕೇಳಿದ್ರು... ಬಾಯಿಗೆ ಬಂದುಬಿಡ್ತು. ನನಗಽ ಗೊತ್ತಾಗ್ಲಿಲ್ಲ.”

“ಇಷ್ಟ ವರ್ಷ ರೊಟ್ಟಿ ಬಡದ ಹಾಕಿದಾಕಿ ಹೆಸರು ಗೊತ್ತಿಲ್ಲೇನಪಾ ನಿನಗ?” ಅಂಗಡಿ ಎಂದೂ ನೋಡದೆ ನಾನು ಕೂಗಾಡಿದೆ. ಅವನು ತಲೆ ತಗ್ಗಿಸಿದ. ಜುಬೇರನೂ ಗಾಬರಿಯಾಗಿ, ತಿಕ್ಕಿ ಅಳಿಸಿ ಕೊಡುತ್ತೇನೆ, ಆದರೆ ಗೀರು ಉಳಿಯುತ್ತದೆ ಎಂದ. “ಉಳಿದಾವಕ್ಕ ಯಾವ ಹೆಸರು ಹಾಕ್ಲಿರಿ?”

ರಾಚವ್ವ ಬೋಗುಣಿಯನ್ನು ಜುಬೇರನ ಕೈಗೆ ಕೊಟ್ಟಳು. “ಅಳಸಬ್ಯಾಡ್ರಿ, ಉಳಿದಾವಕ್ಕೂ ಅದನ್ನಽ ಹಾಕ್ರಿ. ಒಂದ ಮನಿಯಾಗಿನ ಭಾಂಡೇಕ್ಕ ಎರಡ ಹೆಸರು ಯಾಕ?”

ಸಿದ್ದರಾಯ ತನ್ನ ಗಾಡಿಯ ಮೇಲೆ ಮುಂದೆ ಹೋದ. ನಾವಿಬ್ಬರೂ ಭಾಂಡೆ ಹೇರಿಕೊಂಡು ಆಟೋದಲ್ಲಿ ಕೂತೆವು. ಮನೆಗೆ ಹೋದ ಕೂಡಲೇ ಅವನನ್ನು ಜಾಡಿಸು, ಒಂದು ವಾರ ಒಲೆ ಹಚ್ಚಬೇಡ ಎಂದೆ.

“ಬೇಕಂತ ಹೇಳಿದ್ರ ಜಗಳಾ ಮಾಡ್ತಿದ್ದೆ ಅಕ್ಕಾ,” ಎಂದಳು ರಾಚವ್ವ. “ತಾನಽ ಬಾಯಿಗೆ ಬಂದ ಹೆಸರಿನ ಕೂಡ ಹೆಂಗ ಜಗಳಾ ಮಾಡ್ಲಿ?”