ಹಮಾಲ ಆಡಬಾರದ ಮಾತು

ಊರು ಯಾವುದೆಂದು ಹೇಳಿದರೆ ಸಾಕು, ಪೆಟ್ಟು ಎಲ್ಲಿ ಬಿದ್ದಿದೆಯೆಂದು ನಾನು ಹೇಳಬಲ್ಲೆ. ಕುರುಗೋಡು ಕಡೆಯವರಾದರೆ ಟ್ರ್ಯಾಕ್ಟರ್ ಮಗುಚಿ ಕಾಲು, ಬಳ್ಳಾರಿಯ ಜೀನ್ಸ್ ಹೊಲಿಯುವವರಾದರೆ ಬೆರಳು, ಸಿರುಗುಪ್ಪದ ರೈಸ್ ಮಿಲ್ಲಿನವರಾದರೆ ಕೈ, ಇಲ್ಲವೇ ಬೆನ್ನು. ಇದೇನು ಹೆಮ್ಮೆಪಡುವ ವಿದ್ಯೆಯಲ್ಲ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಹಳೇ ಮನೆಯೊಂದರ ಪಡಸಾಲೆಯಲ್ಲಿ ನಮ್ಮ ವಕೀಲರ ಆಫೀಸು. ಸೀನಿಯರ್, ಅವರ ಜೂನಿಯರ್ ಆದ ನಾನು, ಒಬ್ಬ ಟೈಪಿಸ್ಟ್, ಇಷ್ಟೇ ಜನ. ಕೆಲಸದಲ್ಲಿ ಪೆಟ್ಟು ತಿಂದವರು, ಸತ್ತವರ ಮನೆಯವರು ಬೆಳಿಗ್ಗೆಯೇ ಬಂದು ಬೆಂಚಿನ ಮೇಲೆ ಕೂತಿರುತ್ತಾರೆ. ನಾನು ಸಿಡುಕಿ. ಅವರನ್ನು ಗದರುತ್ತೇನೆ, ಆಮೇಲೆ ಅವರೇ ಚಹಾ ತರಿಸಿ ನನ್ನನ್ನು ಸಮಾಧಾನ ಮಾಡುತ್ತಾರೆ.

ಹಚ್ಚೊಳ್ಳಿಯ ಆ ಹಮಾಲನನ್ನು ನಾನು ಗದರಿದಷ್ಟು ಬೇರೆ ಯಾರನ್ನೂ ಗದರಿಲ್ಲ. ಸಿರುಗುಪ್ಪದ ಮಿಲ್ಲೊಂದರಲ್ಲಿ ಒಟ್ಟಿದ್ದ ಭತ್ತದ ಚೀಲಗಳು ಕುಸಿದು ಮೈಮೇಲೆ ಬಿದ್ದು ಆತನ ಬೆನ್ನುಮೂಳೆ ಮುರಿದಿತ್ತು. ಆಪರೇಷನ್ ಆದಮೇಲೆ ಹೇಗೋ ನಡೆಯುತ್ತಿದ್ದ. ಇನ್ನು ಭಾರ ಎತ್ತಿದರೆ ಕಾಲೂ ಹೋದಾವು ಎಂದು ಡಾಕ್ಟರು ಹೇಳಿದ್ದರು. ಪರಿಹಾರ ಬಂದರೆ ಮನೆ ನಡೆಯುತ್ತದೆ, ಇಲ್ಲದಿದ್ದರೆ ಹೆಂಡತಿ ಕೂಲಿಗೆ ಹೋಗಬೇಕು. ಲೆಕ್ಕ ಇಷ್ಟೇ ಸರಳ. ಕೋರ್ಟಿನಲ್ಲಿ ಆತ ಒಂದೇ ಮಾತು ಹೇಳಬೇಕಿತ್ತು. ಅದನ್ನು ಹೇಳಿಸಲು ಆಫೀಸಿನಲ್ಲಿ ಕೂರಿಸಿಕೊಂಡು ಅಭ್ಯಾಸ ಮಾಡಿಸಿದೆ.

"ಚೀಲ ಎತ್ತಾಕ ಆಗತೈತೇನು ಅಂತ ಕೇಳ್ತಾರಣ್ಣಾ. ಏನಂತೀರಿ?"

"ಸ್ವಲ್ಪ ತ್ರಾಸ ಆಕೈತ್ರಿ."

"ತ್ರಾಸ ಅಲ್ಲ. ಆಗಂಗಿಲ್ಲ ಅನ್ರಿ."

"ದಿನಾ ಅಂದ್ರ ಕಷ್ಟರಿ."

"ಯಪ್ಪಾ, ಆಗಂಗಿಲ್ಲ ಅಂತ ಬಾಯಿಬಿಟ್ಟು ಹೇಳ್ರಿ!"

ಆತ ನೆಲ ನೋಡಿದ. ಪಕ್ಕದಲ್ಲಿದ್ದ ಹೆಂಡತಿ ಮೆಲ್ಲಗೆ, "ಅವ್ರ ಗುಂಪಿನ್ಯಾಗ ಆ ಮಾತು ಆಡಂಗಿಲ್ರಿ ಅಕ್ಕಾರ" ಎಂದಳು. ಆಮೇಲೆ ಆಕೆಯೇ ಬಿಡಿಸಿ ಹೇಳಿದಳು. ಹಮಾಲನಿಗೆ ಜ್ವರ ಬಂದರೆ ಜೊತೆಯವರು ಮುಖ ನೋಡಿಯೇ ತಿಳಿದುಕೊಂಡು, ಅವತ್ತು ಆತನನ್ನು ಚೀಲದ ಬಾಯಿ ಹೊಲಿಯಲು ಕೂರಿಸುತ್ತಾರೆ. ಆತನ ಪಾಲಿನ ಭಾರ ತಾವು ಹೊರುತ್ತಾರೆ. ಆದರೆ ನನ್ನ ಕೈಲಿ ಆಗುವುದಿಲ್ಲ ಎಂದು ತಾನಾಗಿ ಬಾಯಿಬಿಟ್ಟರೆ ಮುಗಿಯಿತು, ಆತ ಗುಂಪಿನಿಂದ ಹೊರಗೆ. ಕೇಳಿ ನನಗೆ ಸಿಟ್ಟೇ ಬಂತು. ಕೋರ್ಟೇನು ನಿಮ್ಮ ಮಿಲ್ಲಲ್ಲ ಎಂದೆ. ಆತ "ಆತ್ರಿ, ಹೇಳ್ತೀನಿ" ಎಂದು ತಲೆಯಾಡಿಸಿದ.

ವಿಚಾರಣೆಯ ದಿನ ಆತನ ಗುಂಪಿನ ಹಮಾಲರೆಲ್ಲ ಕೆಲಸ ಬಿಟ್ಟು ಬಂದಿದ್ದರು. ಸಾಕ್ಷಿ ಹೇಳಲು ಅಲ್ಲ, ಆತನಿಗೆ ಧೈರ್ಯ ತುಂಬಲು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಾಗಿಲ ಹತ್ತಿರ ಸಾಲಾಗಿ ನಿಂತಿದ್ದರು. ಒಳ್ಳೆಯ ಜನ ಅಂದುಕೊಂಡೆ. ಅವರು ಬರದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಮಿಲ್ಲಿನ ಇನ್ಶೂರೆನ್ಸ್ ಕಂಪನಿಯ ವಕೀಲರು ವಯಸ್ಸಾದವರು, ಸಿರುಗುಪ್ಪದ ಸೀಮೆ ಬಲ್ಲವರು. ಕಾಗದಗಳನ್ನು ಮುಟ್ಟಲೇ ಇಲ್ಲ.

"ಏನಪಾ, ಎರಡು ಚೀಲ ಒಮ್ಮೆಗೇ ಹೊರತಿದ್ಯಂತ? ನಿನ್ನಂಥ ಹಮಾಲ ಸಿರುಗುಪ್ಪದಾಗ ಇದ್ದಿಲ್ಲಂತ?"

"ಹೌದ್ರಿ." ಆತನ ಕುತ್ತಿಗೆ ನೆಟ್ಟಗಾಯಿತು.

"ಮತ್ತ ಈಗ? ಒಂದು ಚೀಲನೂ ಎತ್ತಾಕ ಆಗದಷ್ಟು ಕೈಲಾಗದವ ಆಗಿಬಿಟ್ಟೇನು?"

ಆತ ಬಾಗಿಲ ಕಡೆ ನೋಡಿದ. ನಾನು ಕೂತಲ್ಲೇ ತುಟಿ ಅಲ್ಲಾಡಿಸಿ ಆ ಮಾತನ್ನು ತೋರಿಸಿದೆ. ಆತ ನನ್ನನ್ನು ನೋಡಲಿಲ್ಲ.

"ಯಾಕ ಎತ್ತಂಗಿಲ್ರಿ? ಈಗ್ಲೂ ಎತ್ತತೀನಿ."

ನ್ಯಾಯಾಧೀಶರು ಅದನ್ನು ಹೇಳಿ ಬರೆಸಿದರು. ನಮ್ಮ ಸೀನಿಯರಿಗೆ ಸಂಕಟ ಬಂದರೆ ಬಾಯಿಗೆ ತೆಲುಗೇ ಬರುವುದು. "ಅಯಿಪೋಯಿಂದಿ" ಎಂದು ಗೊಣಗಿದರು, ಎಲ್ಲಾ ಮುಗಿಯಿತು ಎಂದು. ಆದರೂ ಎದ್ದು ಇನ್ನೊಮ್ಮೆ ಕೇಳಿ ನೋಡಿದರು. ಆ ಪುಣ್ಯಾತ್ಮ ಅದನ್ನೇ ಮತ್ತಷ್ಟು ಜೋರಾಗಿ ಹೇಳಿದ.

ಹೊರಗೆ ಬಂದಾಗ ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಗೆಳೆಯರ ನಡುವೆ ನಿಂತು ಆತ ಚಹಾ ಕುಡಿಯುತ್ತಾ ನಗುತ್ತಿದ್ದ. ಆತ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆಂಡತಿ ದೂರದಲ್ಲಿ ಗೋಡೆಗೆ ಒರಗಿ ಕೂತಿದ್ದಳು.

ತೀರ್ಪು ಬಂತು. ತಾನು ಭಾರ ಎತ್ತಬಲ್ಲೆನೆಂದು ಸ್ವತಃ ಒಪ್ಪಿಕೊಂಡಿದ್ದಾನೆ ಎಂಬ ಕಾರಣಕ್ಕೆ ಪರಿಹಾರ ತೀರಾ ಕಡಿಮೆಯಾಯಿತು. ಬಂದದ್ದು ಆಸ್ಪತ್ರೆಗೇ ಸರಿಹೋಯಿತು. ಹೆಂಡತಿ ಅದೇ ಮಿಲ್ಲಿಗೆ ಅಂಗಳ ಗುಡಿಸಲು ಹೋಗತೊಡಗಿದಳು. ಒಂದು ದಿನ ಆಕೆ ಇಲ್ಲದ ಹೊತ್ತಿನಲ್ಲಿ ಆತ ಮನೆಯಲ್ಲಿ ಜೋಳದ ಚೀಲ ಎತ್ತಿ ಒಳಗಿಡಲು ಹೋದನಂತೆ. ಅವತ್ತು ಬಿದ್ದವನು ಮತ್ತೆ ಎದ್ದು ನಡೆಯಲಿಲ್ಲ.

ಧಾರವಾಡದ ಹೈಕೋರ್ಟಿಗೆ ಮೇಲ್ಮನವಿ ಹಾಕೋಣ ಎಂದರು ಸೀನಿಯರ್. ಅದಕ್ಕೆ ಆತನ ಹೇಳಿಕೆ ಬೇಕು. ನಾನೇ ಬಸ್ಸು ಹಿಡಿದು ಹಚ್ಚೊಳ್ಳಿಗೆ ಹೋದೆ. ಆತ ಹೊರಸಿನ ಮೇಲೆ ಮಲಗಿದ್ದ. ಹೆಂಡತಿ ಆಗಷ್ಟೇ ಮಿಲ್ಲಿನಿಂದ ಬಂದಿದ್ದಳು, ತಲೆಗೂದಲ ತುಂಬಾ ಭತ್ತದ ಧೂಳು. ಅವತ್ತು ಕೋರ್ಟಿನಲ್ಲಿ ಹೇಳಿದ್ದು ಮರ್ಯಾದೆಗೆ ಅಂಜಿ ಹೇಳಿದ್ದು, ನಿಜವಲ್ಲ ಎಂದು ಬರೆದುಕೊಡಬೇಕು ಎಂದು ಹೇಳಿದೆ. ಮೆತ್ತಗೇ ಹೇಳಿದೆ. ಗದರುವ ಧೈರ್ಯ ನನಗಿರಲಿಲ್ಲ.

ಆತ ನನ್ನ ಕೈಯಲ್ಲಿದ್ದ ಕಾಗದ ನೋಡಿದ. ಆಮೇಲೆ, "ಅಕ್ಕಾರ, ಅವತ್ತು ಬರಕೊಂಡಿದ್ದು ಇನ್ನಾ ಕೋರ್ಟಿನ್ಯಾಗ ಐತೇನ್ರಿ?" ಎಂದು ಕೇಳಿದ.

"ಐತಣ್ಣಾ."

"ಇದನ್ನ ಬರದ್ರ ಅದು ಸುಳ್ಳಾಕೈತಲ್ರಿ?"

ಹೌದು ಎಂದೆ. ಆತ ಗೋಡೆಯ ಕಡೆ ಮುಖ ಮಾಡಿದ. ನಾನು ಕಾಗದ ಮಡಚಿ ಹೊರಡೋಣವೆಂದುಕೊಂಡೆ. ಹೆಂಡತಿ ಬೇಡಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ಬಾಗಿಲಲ್ಲಿ ಕೂತು, ಪೊರಕೆ ಹಿಡಿದು ಬೊಬ್ಬೆ ಎದ್ದಿದ್ದ ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಆತ ಕತ್ತು ತಿರುಗಿಸಿ ಅದನ್ನು ನೋಡಿದ.

"ಬರಕೋರಿ" ಎಂದ. "ನನ್ನ ಕೈಲೆ ಆಗಂಗಿಲ್ಲ ಅಂತ ಬರಕೋರಿ."

ಬರೆದುಕೊಂಡೆ, ಓದಿ ಹೇಳಿದೆ, ಹೆಬ್ಬೆಟ್ಟು ಒತ್ತಿಸಿಕೊಂಡೆ. ನಾವು ಇಷ್ಟು ದಿನ ಬಯಸಿದ್ದು ಇದೇ ಮಾತು. ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ, ಯಾರನ್ನೋ ಸೋಲಿಸಿ ಎದ್ದುಬಂದ ಹಾಗಿತ್ತು. ಹೆಂಡತಿ ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ಬಂದಳು. ಅಲ್ಲಿಯವರೆಗೂ ಗಟ್ಟಿಯಾಗಿದ್ದವಳು ಬಸ್ಸು ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

"ಅವ್ರ ಬಾಯಾಗ ಆ ಮಾತು ಕೇಳಬಾರದಿತ್ರಿ ಅಕ್ಕಾರ" ಎಂದಳು. "ಕಸ ಹೊಡಕೋತ ಇದ್ದುಬಿಡತಿದ್ದೆ."