ಬಟ್ಟಲಿಗೆ ಸುತ್ತಿದ ಕಪ್ಪು ನೂಲು

ಪ್ರಜ್ಞೆ ತಪ್ಪಿ ಮಲಗಿದವನ ಜೀವ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಅಮ್ಮ ಬೀಡಿ ಕಟ್ಟಿ ಓದಿಸಿದ ಮಗ ನಾನು. ನಮ್ಮ ಕುಟುಂಬದ ಮೊದಲ ಪದವೀಧರ, ಅದೂ ಡಾಕ್ಟರು. ಪುಸ್ತಕದಲ್ಲಿ ಇಲ್ಲದ್ದನ್ನು ನಂಬುವುದು ಓದದವರ ಕೆಲಸ ಎಂಬ ಅಹಂಕಾರ ನನಗಿತ್ತು.

ಅರವತ್ತರ ದಶಕದ ಕೊನೆ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ಕಿರಿಯ ವೈದ್ಯ. ಹಂಚಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಾಬು ಎಂಬ ಕೆಲಸಗಾರನ ಬಲ ಮಣಿಕಟ್ಟು ಸೀಳಿತ್ತು. ಕೈ ಕತ್ತರಿಸುವುದೇ ಆಗಿನ ರೂಢಿ. ನಮ್ಮ ದೊಡ್ಡ ಡಾಕ್ಟರು ಮಾತ್ರ ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಕಡಿದ ರಕ್ತನಾಳವನ್ನೇ ಹೊಲಿಯಲು ಕುಳಿತರು. ಅಂಥ ಸಣ್ಣ ನಾಳ ಮುಟ್ಟಿದರೆ ಸಾಕು, ಸೆಟೆದು ಮುದುಡಿಕೊಳ್ಳುತ್ತದೆ, ರಕ್ತ ಹರಿಯುವುದಿಲ್ಲ. ಸಡಿಲವಾಗಲು ಅದರ ಮೇಲೆ ಪಪಾವರಿನ್ ಎಂಬ ಮದ್ದನ್ನು ಸಿರಿಂಜಿನಿಂದ ಹನಿಹನಿಯಾಗಿ ಬಿಡಬೇಕು. ಅದು ನನ್ನ ಕೆಲಸ.

ಒಂದು ಬಟ್ಟಲಲ್ಲಿ ಮದ್ದು, ಇನ್ನೊಂದರಲ್ಲಿ ಗಾಯ ತೊಳೆಯುವ ಉಪ್ಪುನೀರು. ನೋಡಲು ಎರಡೂ ಒಂದೇ. ಸಿಸ್ಟರ್ ಲಿಲ್ಲಿ ಮದ್ದಿನ ಬಟ್ಟಲಿಗೆ ಹೊಲಿಗೆಯ ಕಪ್ಪು ರೇಷ್ಮೆ ನೂಲು ಸುತ್ತಿದ್ದರು.

"ನೂಲು ಉಂಟಲ್ಲ, ಅದು ಮದ್ದು. ನಿಮ್ಮ ಪುಸ್ತಕದಲ್ಲಿ ಇದೆಲ್ಲ ಇರುವುದಿಲ್ಲ ಡಾಕ್ಟ್ರೇ," ಎಂದು ನಕ್ಕರು.

ಮಾತು ಚುಚ್ಚಿತು. ಅವರು ಆಚೆ ತಿರುಗಿದಾಗ ನೂಲು ಬಿಚ್ಚಿ ಬಿಸಾಡಿದೆ. ಎರಡು ಬಟ್ಟಲು ನೆನಪಿಡಲು ನನಗೇನು ಕಷ್ಟ? ಯಾರೂ ನೋಡಲಿಲ್ಲ. ದೊಡ್ಡ ಡಾಕ್ಟರ ಕಣ್ಣು ನಾಳದ ಮೇಲಿತ್ತು, ಪ್ರಜ್ಞೆ ತಪ್ಪಿಸಲು ಈಥರ್ ಕೊಡುವವರ ಕಣ್ಣು ರೋಗಿಯ ಉಸಿರಿನ ಮೇಲೆ. ಬಾಬುವಿನ ಕಣ್ಣಿಗೆ ಒದ್ದೆ ಬಟ್ಟೆ ಮುಚ್ಚಿತ್ತು.

ಹೊಲಿಗೆ ಮುಗಿಯಿತು. ನಾನು ಹನಿ ಬಿಡುತ್ತಲೇ ಇದ್ದೆ. ನಾಳ ಬಿಳಿಚಿಕೊಂಡೇ ಇತ್ತು, ಬೆರಳುಗಳು ತಣ್ಣಗೆ. ಬಹಳ ಹೊತ್ತಿನ ಮೇಲೆ ಸಿಸ್ಟರ್, ತಾವು ಇಟ್ಟಲ್ಲೇ ತುಂಬಿ ನಿಂತಿದ್ದ ಬಟ್ಟಲು ತೋರಿಸಿ, "ಅಯ್ಯೋ, ಮದ್ದು ಹಾಗೇ ಉಂಟಲ್ಲ!" ಎಂದರು. ಅಷ್ಟು ಹೊತ್ತೂ ನಾನು ಬಿಟ್ಟದ್ದು ಉಪ್ಪುನೀರು. ಅದನ್ನು ಬಿಟ್ಟ ಮೇಲೆ ನಾಳ ನಿಧಾನವಾಗಿ ಉಬ್ಬಿತು, ಮಿಡಿಯಿತು. ಕೈ ಉಳಿಯಿತು. ಎರಡು ಬೆರಳು ಕಪ್ಪಾಗಿ ಹೋದವು.

"ನೂಲು ಎಂತ ಆಯ್ತು?" ದೊಡ್ಡ ಡಾಕ್ಟರು ಗದರಿದರು.

"ಕಟ್ಟಿದ್ದೆ ಸರ್," ಎಂದು ಸಿಸ್ಟರ್ ನನ್ನತ್ತ ನೋಡಿದರು.

"ನಾನು ನೋಡಲಿಲ್ಲ," ಎಂದೆ. ಮರುದಿನವೇ ಅವರನ್ನು ಆಪರೇಷನ್ ಥಿಯೇಟರಿನಿಂದ ತೆಗೆದು ವಾರ್ಡಿಗೆ ಹಾಕಿದರು.

ವಾರದ ನಂತರ, ಬ್ಯಾಂಡೇಜು ಬದಲಿಸುವಾಗ ಬಾಬು ಮೆಲ್ಲಗೆ ಕೇಳಿದ: "ಸಿಸ್ಟರಿಗೆ ಬೈಗಳು ಯಾಕೆ ಡಾಕ್ಟ್ರೇ? ಆ ಕಪ್ಪು ನೂಲು ಎಡಗೈಯಲ್ಲಿ ಎಳೆದು ಬಿಸಾಡಿದ್ದು ನೀವಲ್ಲವಾ? ನಾನು ನಿಮ್ಮ ಹಿಂದೆಯೇ ಇದ್ದೆನಲ್ಲ."

ಎಡಗೈ ಎಂಬುದು ನನಗೇ ನೆನಪಿರಲಿಲ್ಲ. ಯೋಚಿಸಿದೆ. ಹೌದು, ಬಲಗೈಯಲ್ಲಿ ಸಿರಿಂಜು ಇತ್ತು.

"ಈಥರಿನ ಅಮಲು ಮಾರಾಯ, ಏನೇನೋ ಕಾಣುತ್ತದೆ," ಎಂದೆ.

"ಇರಬಹುದು. ನೀವು ಓದಿದವರು," ಎಂದು ಅವನು ಗೋಡೆಯತ್ತ ಮುಖ ತಿರುಗಿಸಿದ.

ಅವನು ಹೇಗೆ ಕಂಡ? ಆಮೇಲೆ ಎಷ್ಟೋ ಪುಸ್ತಕ ತಿರುವಿ ಹಾಕಿದೆ, ಉತ್ತರ ಸಿಗಲಿಲ್ಲ. ಆ ದಿನ ಮಾತ್ರ ಅವನ ಕೇಸ್ ಶೀಟಿನಲ್ಲಿ 'ರೋಗಿಗೆ ಭ್ರಮೆ' ಎಂದು ಬರೆದು, ಕೆಳಗೆ ನನ್ನ ಹೆಸರನ್ನೂ ಅದರ ಮುಂದೆ ಡಿಗ್ರಿಯನ್ನೂ ಹಾಕಿದೆ.