ನಾನೇ ಬಿಟ್ಟೆ ಅಂತ ಬರೆಯಲಿಲ್ಲ

ಸ್ನೇಹಿತರೇ, ಇವತ್ತು ಸೋಮವಾರದ ಉಪವಾಸ. ಕೊಟ್ಟಿಗೆ ಬಾಚಿ, ಬಾಗಿಲಿಗೆ ನೀರು ಹಾಕಿ, ಶಿವನಿಗೆ ಹೂವಿಟ್ಟು ಗೆಜ್ಜಲಗೆರೆಯ ಗಾರ್ಮೆಂಟ್ಸ್‌ಗೆ ಹೋದೆ. ನಮ್ಮ ಹೊಲಿಗೆ ಲೈನಿನ ಹೆಂಗಸರಿಗೆಲ್ಲ ನಾಳೆಯಿಂದ ಕೆಲಸವಿಲ್ಲವಂತೆ. ಸೂಪರ್‌ವೈಸರ್ ಒಂದೊಂದು ಕಾಗದ ಹಂಚಿದ. ‘ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಎಂದು ಅಚ್ಚಾಗಿತ್ತು. ಅದಕ್ಕೆ ಸಹಿ ಹಾಕಿದರೆ ಕೆಲಸ ಕಳೆದುಕೊಂಡವರಿಗೆ ಬರುವ ವಿಮೆ ಹಣ ಬರುವುದಿಲ್ಲ. ನಮ್ಮ ನಾದಿನಿಗೆ ಹೀಗೇ ತಪ್ಪಿಹೋಯಿತು.

“ಎಲ್ರೂ ಆಕವ್ರೆ, ನೀವೂ ಆಕ್ಬುಡಿ ಕಣಕ್ಕ,” ಎಂದ.

“ತೆಗೆದೋರು ನೀವು. ನಾನ್ಯಾಕೆ ಬುಟ್ಟೆ ಅಂತ ಬರೀಲಿ? ಉಪಾಸದ ದಿನ ಸುಳ್ಳು ಬರುಸ್ತೀಯೇನಪ್ಪ?”

“ರುಜು ಆಕ್ದೆ ಗೇಟು ದಾಟಕ್ಕೆ ಬುಡಲ್ಲ.”

“ಬುಡಬ್ಯಾಡ. ಇಲ್ಲೇ ಕೂತ್ಕತೀನಿ. ಎಂಗೂ ಇವತ್ತು ಊಟದ ಚಿಂತೆ ಇಲ್ಲ.”

ಪಕ್ಕದ ಮಿಷನ್ನಿನ ಸಿದ್ದಮ್ಮ ತಾನು ಹಾಕಿದ್ದ ಸಹಿಯನ್ನು ಗೀಚಿ ಅಳಿಸಿದಳು. ನಾನು ಅಚ್ಚಾದ ಸಾಲು ಹೊಡೆದುಹಾಕಿ, ‘ಕಂಪನಿಯವರೇ ತೆಗೆದಿದ್ದಾರೆ, ಹಾಗಂತ ಬರೆದುಕೊಡಿ’ ಎಂದು ಬರೆದು ಕೊಟ್ಟೆ. ಅದನ್ನು ಒಳಗೆ ತೆಗೆದುಕೊಂಡು ಹೋದ ಸೂಪರ್‌ವೈಸರ್ ಆಚೆಗೆ ಬರಲೇ ಇಲ್ಲ. ಸಂಜೆ ಬಸ್ಸಿನ ಹೊತ್ತಿಗೆ ಗೇಟು ತೆಗೆದರು.

ನಾಳೆ ನಮ್ಮನ್ನು ಒಳಗೆ ಸೇರಿಸುವುದಿಲ್ಲ. ಅಲ್ಲಿ ಇನ್ನೂ ಕೆಲಸದಲ್ಲಿರುವವರು ಯಾರಾದರೂ ನನ್ನ ಕಾಗದಕ್ಕೆ ಉತ್ತರ ಇಸಿದುಕೊಂಡು ಬನ್ನಿ. ಕೆಳಗೆ ಸಹಿ ಇದೆಯಾ ನೋಡಿ, ಈ ಸಲ ಕಂಪನಿಯವರದು.